ಚರಂಡಿಯ ಅಳತೆ ಕೇಳುವವರು ಯಾರು?

ಜೂನ್ ತಿಂಗಳಲ್ಲಿ ಮಳೆ ಹಿಡಿದ ಮೊದಲ ವಾರವೇ ತಾಳಗುಪ್ಪ, ಸಾಗರ, ಹೊಸನಗರ, ತೀರ್ಥಹಳ್ಳಿಯಂಥ ಮಲೆನಾಡಿನ ಊರುಗಳಲ್ಲಿ ಒಂದು ಮಾತು ಕೇಳಿಬರುತ್ತದೆ. ಜುಮಾ ಮುಗಿಸಿ ಮಸೀದಿಯ ಮೆಟ್ಟಿಲಿಳಿಯುವವರು, ಚಹಾದಂಗಡಿಯ ಬೆಂಚಿನಲ್ಲಿ ಕುಳಿತವರು, ಮನೆಯೊಳಗೆ ನುಗ್ಗಿದ ಕೆಸರನ್ನು ಬಕೆಟ್ಟಿನಲ್ಲಿ ಎತ್ತಿ ಹೊರಗೆ ಚೆಲ್ಲುವ ಹೆಂಗಸರು ಎಲ್ಲರೂ ಕೇಳುವುದು ಒಂದನ್ನೇ: ‘ಈ ಪಂಚಾಯತ್‌ನವರು ಏನು ಮಾಡ್ತಿದ್ದಾರೆ?’ ಮಳೆ ಇಳಿದಂತೆ ಆ ಪ್ರಶ್ನೆಯೂ ಇಳಿಯುತ್ತದೆ. ಮುಂದೆ ಏಪ್ರಿಲ್‌ನಲ್ಲಿ ಬಾವಿಯ ತಳ ಕಂಡಾಗ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ: ‘ಟ್ಯಾಂಕರ್ ಯಾವಾಗ ಬರ್ತದೆ?’ ಜೂನ್‌ನಲ್ಲಿ ನಮ್ಮ ಮನೆಗೆ ನುಗ್ಗಿದ ನೀರೂ ಏಪ್ರಿಲ್‌ನಲ್ಲಿ ನಮ್ಮ ಬಾವಿಯಲ್ಲಿ ಇಲ್ಲದ ನೀರೂ ಒಂದೇ ಎಂಬುದು ನಮಗೆ ಹೊಳೆಯುವುದೇ ಇಲ್ಲ.

ತಾಳಗುಪ್ಪ ಶಿವಮೊಗ್ಗದಿಂದ ಬರುವ ರೈಲು ಮಾರ್ಗದ ಕೊನೆಯ ನಿಲ್ದಾಣ. ಜೋಗ ನೋಡಲು ಬರುವವರು ಇಳಿಯುವ ಊರು. ಈ ಸೀಮೆಯ ಒಂದು ಮಗ್ಗುಲಲ್ಲಿ ಶರಾವತಿ, ಇನ್ನೊಂದು ಮಗ್ಗುಲಲ್ಲಿ ವರದಾ. ಶರಾವತಿ ಜೋಗದಲ್ಲಿ ಧುಮುಕಿ ಹೊನ್ನಾವರದ ಬಳಿ ಅರಬ್ಬೀ ಸಮುದ್ರ ಸೇರಿದರೆ, ಇಕ್ಕೇರಿಯ ಸಮೀಪದ ವರದಾಮೂಲದಲ್ಲಿ ಹುಟ್ಟುವ ವರದಾ ಬನವಾಸಿಯನ್ನು ಬಳಸಿಕೊಂಡು ತುಂಗಭದ್ರೆಯ ಮೂಲಕ ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತದೆ. ವರದಾ ಉಕ್ಕಿದಾಗಲೆಲ್ಲ ತಾಳಗುಪ್ಪ ಹೋಬಳಿಯ ಬೀಸನಗದ್ದೆ ನಡುಗಡ್ಡೆಯಾಗುವ ಸುದ್ದಿಯನ್ನು ನಾವು ಪ್ರತಿ ಮಳೆಗಾಲದಲ್ಲೂ ಓದುತ್ತೇವೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿದ್ದು. ಅಲ್ಲಾಹನು ಇಷ್ಟು ಧಾರಾಳವಾಗಿ ಕರುಣಿಸಿದ ನೀರನ್ನು ನಾವು ನಾಲ್ಕು ತಿಂಗಳು ಶಾಪದಂತೆ ಸಹಿಸಿಕೊಂಡು, ಉಳಿದ ತಿಂಗಳುಗಳಲ್ಲಿ ಅದಕ್ಕಾಗಿ ಕೊಡ ಹಿಡಿದು ನಿಲ್ಲುತ್ತೇವೆಂದರೆ ದೋಷ ಆಕಾಶದಲ್ಲಿ ಇರಲು ಸಾಧ್ಯವಿಲ್ಲ.

ಹಾಗಾದರೆ ದೋಷ ಎಲ್ಲಿದೆ? ‘ಹಣ ಇಲ್ಲ’ ಎಂಬುದು ಸಾಮಾನ್ಯವಾಗಿ ಸಿಗುವ ಉತ್ತರ. ಆದರೆ ದಾಖಲೆಗಳು ಬೇರೆಯದನ್ನೇ ಹೇಳುತ್ತವೆ. ಹದಿನೈದನೆಯ ಹಣಕಾಸು ಆಯೋಗವು 2021ರಿಂದ 2026ರ ಮಾರ್ಚ್‌ವರೆಗಿನ ಐದು ವರ್ಷಗಳಿಗೆ ದೇಶದ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆಂದು ಶಿಫಾರಸು ಮಾಡಿದ ಅನುದಾನ 2,36,805 ಕೋಟಿ ರೂಪಾಯಿ. ಅದರಲ್ಲಿ ಶೇ. 60ರಷ್ಟನ್ನು ಬೇರೆ ಯಾವುದಕ್ಕೂ ಬಳಸಬಾರದೆಂದು ಕಟ್ಟಿಹಾಕಲಾಗಿತ್ತು. ಆ ಶೇ. 60ರಲ್ಲಿ ಅರ್ಧ ನೈರ್ಮಲ್ಯಕ್ಕೆ, ಇನ್ನರ್ಧ ಕುಡಿಯುವ ನೀರು, ಮಳೆನೀರು ಕೊಯ್ಲು ಮತ್ತು ನೀರಿನ ಮರುಬಳಕೆಗೆ. 2005ರ ಉದ್ಯೋಗ ಖಾತರಿ ಕಾನೂನಿನಡಿ ಕೆರೆ ಹೂಳೆತ್ತುವ, ಕಾಲುವೆ ತೋಡುವ, ಇಂಗುಗುಂಡಿ ತೆಗೆಯುವ ಕೆಲಸಗಳಿಗೆ ಇಪ್ಪತ್ತು ವರ್ಷ ಅವಕಾಶವಿತ್ತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅದರ ಜಾಗಕ್ಕೆ ತಂದ ಹೊಸ ಕಾನೂನು ಕೆಲಸದ ದಿನಗಳನ್ನು 125ಕ್ಕೆ ಏರಿಸಿತು, ಜೊತೆಗೆ ವೆಚ್ಚದ ಶೇ. 40ರಷ್ಟನ್ನು ನಮ್ಮಂಥ ರಾಜ್ಯಗಳ ಹೆಗಲಿಗೆ ಹೊರಿಸಿತು. ಇದರ ಬಗ್ಗೆ ಗಂಭೀರವಾದ ಆಕ್ಷೇಪಗಳಿವೆ, ಅವು ಚರ್ಚೆಯಾಗಲೇಬೇಕು. ಆದರೆ ಆ ಕಾನೂನು ಕೂಡಾ ಜಲ ಭದ್ರತೆಯ ಕಾಮಗಾರಿಗಳನ್ನು ತನ್ನ ಮುಖ್ಯ ವಿಷಯಗಳಲ್ಲಿ ಒಂದಾಗಿ ಇರಿಸಿಕೊಂಡಿದೆ. ಇವಲ್ಲದೆ 2021ರಲ್ಲಿ ಮಳೆನೀರು ಹಿಡಿಯುವ ಅಭಿಯಾನ, 2022ರಲ್ಲಿ ಜಿಲ್ಲೆಗೆ 75 ಕೆರೆಗಳ ಗುರಿಯ ಅಮೃತ ಸರೋವರ, 2024ರ ಸೆಪ್ಟೆಂಬರ್‌ನಲ್ಲಿ ಜನರ ಪಾಲುದಾರಿಕೆಯಿಂದಲೇ ಇಂಗುಗುಂಡಿಗಳನ್ನು ನಿರ್ಮಿಸುವ ‘ಜಲ ಸಂಚಯ ಜನ ಭಾಗೀದಾರಿ’ ಹೀಗೆ ಒಂದರ ಬೆನ್ನಿಗೆ ಒಂದು ಯೋಜನೆ ಬಂತು.

ಬಂದ ಹಣವೆಲ್ಲ ಸಾಕಷ್ಟಿತ್ತು ಎಂದಲ್ಲ. ಆದರೆ ಬಂದಷ್ಟು ಹಣ ಯಾವ ಹಳ್ಳಕ್ಕೆ, ಯಾವ ಮೋರಿಗೆ, ಯಾರ ಮನೆಯ ಮುಂದಿನ ಚರಂಡಿಗೆ ಎಂದು ತೀರ್ಮಾನವಾಗಬೇಕಾದದ್ದು ದಿಲ್ಲಿಯಲ್ಲೂ ಅಲ್ಲ, ಬೆಂಗಳೂರಿನಲ್ಲೂ ಅಲ್ಲ. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾನೂನು ಅದನ್ನು ವಾರ್ಡ್ ಸಭೆ ಮತ್ತು ಗ್ರಾಮ ಸಭೆಗಳಿಗೆ ಒಪ್ಪಿಸಿದೆ. ವರ್ಷಕ್ಕೆ ಎರಡು ಬಾರಿಯಾದರೂ ಆ ಸಭೆಗಳು ಸೇರಬೇಕು, ಮತದಾರರೆಲ್ಲರೂ ಅದರ ಸದಸ್ಯರು. ಹೆಂಗಸರು ಗಣನೀಯ ಸಂಖ್ಯೆಯಲ್ಲಿ ಇರಬೇಕೆಂಬ ಆಶಯವೂ ಕಾನೂನಿನಲ್ಲಿದೆ. ಈಗ ನಮ್ಮನ್ನು ನಾವೇ ಕೇಳಿಕೊಳ್ಳೋಣ: ಈ ಲೇಖನ ಓದುತ್ತಿರುವ ನಮ್ಮಲ್ಲಿ ಎಷ್ಟು ಮಂದಿ ಕಳೆದ ಐದು ವರ್ಷಗಳಲ್ಲಿ ಒಂದೇ ಒಂದು ವಾರ್ಡ್ ಸಭೆಯಲ್ಲಿ ಕುಳಿತಿದ್ದೇವೆ?

ಕೆಲವು ವರ್ಷಗಳ ಹಿಂದೆ ನಾನೊಂದು ವಾರ್ಡ್ ಸಭೆಗೆ ಹೋಗಿದ್ದೆ. ಊರಿನ ಹೆಸರು ಇಲ್ಲಿ ಮುಖ್ಯವಲ್ಲ. ನಮ್ಮವರ ಕೇರಿಗೆ ಕಾಂಕ್ರೀಟ್ ಚರಂಡಿ ಮಂಜೂರಾಗಿತ್ತು. ಮುಖಂಡರೊಬ್ಬರ ಮನೆಗೆ ನಾಲ್ಕಾರು ಬಾರಿ ಅಲೆದು ಪಡೆದದ್ದು. ಹಾಗಾಗಿ ಕೇರಿಯವರಿಗೆ ಸಭೆಯ ಅಗತ್ಯ ಕಂಡಿರಲಿಲ್ಲ, ಅಲ್ಲಿಂದ ಬಂದವರು ಇಬ್ಬರೇ. ಕಾಮಗಾರಿಗಳ ಪಟ್ಟಿಯನ್ನು ಓದಲಾಯಿತು. ನಮ್ಮ ಚರಂಡಿಗೆ ಒಂದು ವಾಕ್ಯ. ಆಗ ಹಿಂದಿನ ಸಾಲಿನಲ್ಲಿ ಕುಳಿತಿದ್ದ ವಯಸ್ಸಾದ ಹೆಂಗಸೊಬ್ಬರು ಎದ್ದು ನಿಂತು ಕೇಳಿದರು: ‘ಆ ಚರಂಡಿ ನೀರು ಕಡೆಗೆ ಹೋಗೋದು ಎಲ್ಲಿಗೆ ಸ್ವಾಮಿ?’ ಅವರ ಮನೆ ನಮ್ಮವರ ಕೇರಿ ಮುಗಿಯುವಲ್ಲಿ, ಇಳಿಜಾರಿನ ಕೆಳಗೆ ಇತ್ತು. ಕಾಗದದ ಮೇಲಿನ ಚರಂಡಿ ಕೇರಿಯ ಗಡಿಯಲ್ಲಿ ನಿಲ್ಲುತ್ತಿತ್ತು. ನೀರು ಅವರ ಅಂಗಳದಲ್ಲಿ ನಿಲ್ಲಬೇಕಿತ್ತು. ಪಟ್ಟಿ ಓದುತ್ತಿದ್ದವರು ‘ನೋಡೋಣಮ್ಮ’ ಎಂದು ಮುಂದಿನ ಸಾಲಿಗೆ ಹೋದರು. ನಮ್ಮವರಿಬ್ಬರೂ ತಲೆ ತಗ್ಗಿಸಿ ಕುಳಿತಿದ್ದರು. ನಾನೂ ಮಾತಾಡಲಿಲ್ಲ.

ಆ ಹೆಂಗಸು ಮುಸ್ಲಿಮರಾಗಿರಲಿಲ್ಲ. ಆದರೆ ಅವರು ಎತ್ತಿದ್ದು ಹದಿನಾಲ್ಕು ಶತಮಾನಗಳ ಹಿಂದೆ ಮದೀನಾದಲ್ಲಿ ಪ್ರವಾದಿಯವರ(ಸ) ಮುಂದೆ ಬಂದ ಪ್ರಶ್ನೆಯನ್ನೇ. ಮದ್ರಸದಲ್ಲಿ ನಾವು ಅದನ್ನು ಓದಿದ್ದೆವು. ಮದೀನಾದ ಅಂಚಿನ ಕಪ್ಪು ಕಲ್ಲಿನ ಹರ್‍ರಾ ಪ್ರದೇಶದಲ್ಲಿ ಮಳೆ ಬಿದ್ದರೆ ನೀರು ಕಾಲುವೆಗಳಲ್ಲಿ ಇಳಿದು ತೋಟಗಳತ್ತ ಹರಿಯುತ್ತಿತ್ತು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅವು ಮಳೆನೀರಿನ ಕಾಲುವೆಗಳು. ಮೇಲಿನ ತೋಟ ಝುಬೈರ್ ಬಿನ್ ಅವ್ವಾಮ್‌ರದ್ದು(ರ), ಕೆಳಗಿನದು ಒಬ್ಬ ಅನ್ಸಾರಿಯದ್ದು. ನೀರಿಗಾಗಿ ಇಬ್ಬರ ನಡುವೆ ವಿವಾದವಾಯಿತು. ಝುಬೈರ್ ಪ್ರವಾದಿಯವರ(ಸ) ಸೋದರತ್ತೆಯ ಮಗ. ಆದರೂ ತೀರ್ಪು, ತನ್ನ ಗಿಡಗಳಿಗೆ ಹಾಯಿಸಿಕೊಂಡು ಬಳಿಕ ನೀರನ್ನು ನೆರೆಯವನಿಗೆ ಬಿಡಬೇಕೆಂದಾಗಿತ್ತು. ಅದನ್ನೂ ಬಂಧುಪ್ರೇಮವೆಂದು ಆ ಅನ್ಸಾರಿ ಆಕ್ಷೇಪಿಸಿದಾಗಲೇ ಝುಬೈರ್‌ರಿಗೆ ಅವರ ಪೂರ್ಣ ಹಕ್ಕು, ಅಂದರೆ ಬದುವಿನವರೆಗೆ ನೀರು ನಿಲ್ಲಿಸಿಕೊಳ್ಳುವ ಹಕ್ಕು ನೀಡಲ್ಪಟ್ಟಿತು. ಮಹ್‌ಝೂರ್ ಕಣಿವೆಯ ಪ್ರವಾಹದ ವಿಷಯದಲ್ಲಂತೂ ಅಳತೆಯನ್ನೇ ನಿಗದಿಪಡಿಸಲಾಯಿತು: ನೀರು ಪಾದದ ಗಂಟಿನಷ್ಟು ನಿಂತ ಮೇಲೆ ಮೇಲಿನವನು ಅದನ್ನು ಕೆಳಗಿನವನಿಗೆ ಬಿಡಬೇಕು.

ಈ ತೀರ್ಪುಗಳಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಒಂದು, ನೀರಿನ ನ್ಯಾಯ ಮೇಲಿನಿಂದ ಕೆಳಗಿನವರೆಗಿನ ಇಡೀ ದಾರಿಗೆ ಸಂಬಂಧಿಸಿದ್ದು, ಒಬ್ಬನ ಗಡಿಯಲ್ಲಿ ಅದು ಮುಗಿಯುವುದಿಲ್ಲ. ಎರಡು, ನ್ಯಾಯಕ್ಕೆ ಒಂದು ಅಳತೆ ಇರುತ್ತದೆ, ಆ ಅಳತೆ ಎಲ್ಲರಿಗೂ ಕಾಣುವಂತಿರುತ್ತದೆ. ಪಾದದ ಗಂಟು ಎಲ್ಲರಿಗೂ ಇದೆ. ಅದನ್ನು ತಿಳಿಯಲು ಇಂಜಿನಿಯರ್ ಬೇಕಿಲ್ಲ. ಅಳತೆಯಲ್ಲಿ ವಂಚಿಸುವವರ ವಿನಾಶದ ಕುರಿತೇ ಪವಿತ್ರ ಕುರ್‌ಆನ್‌ನಲ್ಲಿ ‘ಅಲ್ ಮುತಫ್ಫಿಫೀನ್’ ಎಂಬ ಒಂದು ಅಧ್ಯಾಯವಿದೆ. ಅದನ್ನು ಅಕ್ಕಿಯಂಗಡಿಯ ತಕ್ಕಡಿಗೆ ಮಾತ್ರ ಅನ್ವಯಿಸಿ ಸುಮ್ಮನಾದ ನಮಗೆ ಸಾರ್ವಜನಿಕ ಕಾಮಗಾರಿಯ ಅಳತೆಯೂ ಅದರೊಳಗೆ ಬರುತ್ತದೆಂದು ಏಕೆ ಅನಿಸುವುದಿಲ್ಲ?

ಅಳತೆ ಕೇಳುವ ಪರಂಪರೆ ಈ ಮಣ್ಣಿಗೆ ಹೊಸದೂ ಅಲ್ಲ. ಇದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದದ್ದು ಯಾವುದಕ್ಕಾಗಿ? ಗೇಣಿ ಅಳೆಯುವ ಕೊಳಗದ ಗಾತ್ರ ದೊಡ್ಡದಾಗಿದೆ ಎಂಬುದು ಅದರ ಮೂಲ ತಕರಾರಾಗಿತ್ತು. ಎಚ್. ಗಣಪತಿಯಪ್ಪನವರು ಸಂಘಟಿಸಿದ ಆ ಹೋರಾಟಕ್ಕೆ ಶಾಂತವೇರಿ ಗೋಪಾಲಗೌಡರು ಹೆಗಲು ಕೊಟ್ಟರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅಕ್ಷರ ಬಾರದ ಗೇಣಿದಾರ ಅಂದು ಒಡೆಯನ ಮುಂದೆ ನಿಂತು ‘ನಿಮ್ಮ ಕೊಳಗ ಎಷ್ಟು ಸೇರಿನದು?’ ಎಂದು ಕೇಳಿದ. ಪದವಿ ಪಡೆದ ಅವನ ಮೊಮ್ಮಕ್ಕಳೂ ನಾವೂ ಇಂದು ನಮ್ಮದೇ ತೆರಿಗೆಯ ಹಣದ ಚರಂಡಿ ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ಆಳ ಎಂದು ಕೇಳಲು ಹಿಂಜರಿಯುತ್ತೇವೆ!

ಪ್ರತಿಯೊಂದು ಕಾಮಗಾರಿಗೂ ಒಂದು ಅಂದಾಜು ಪಟ್ಟಿ ಇರುತ್ತದೆ. ಕೆಲಸ ನಡೆದಂತೆ ಇಂಜಿನಿಯರರು ಅಳತೆ ಪುಸ್ತಕದಲ್ಲಿ ಬರೆಯುತ್ತಾರೆ, ಬಿಲ್ ಆಗುವುದು ಆ ಅಳತೆಯ ಮೇಲೆ. 2005ರ ಮಾಹಿತಿ ಹಕ್ಕು ಕಾನೂನು ಆ ಪುಸ್ತಕದ ಪ್ರತಿಯನ್ನು ಪಡೆಯುವ ಹಕ್ಕನ್ನಷ್ಟೇ ಅಲ್ಲ, ಕಾಮಗಾರಿಯನ್ನು ಖುದ್ದಾಗಿ ಪರಿಶೀಲಿಸುವ, ಬಳಸಿದ ಸಾಮಗ್ರಿಯ ಪ್ರಮಾಣೀಕೃತ ಮಾದರಿಯನ್ನು ಪಡೆಯುವ ಹಕ್ಕನ್ನೂ ನೀಡಿದೆ. ಹತ್ತು ರೂಪಾಯಿ ಶುಲ್ಕದ ಅರ್ಜಿಗೆ ಮೂವತ್ತು ದಿನಗಳೊಳಗೆ ಉತ್ತರ ಬರಬೇಕು. ಒಂದು ಅಳತೆ ಟೇಪು, ಒಂದು ಪುಸ್ತಕದ ಪ್ರತಿ ಮತ್ತು ಬೀದಿಯ ನಾಲ್ವರು ಯುವಕರು ಇಷ್ಟಿದ್ದರೆ ಆಡಿಟ್ ನಡೆದುಹೋಗುತ್ತದೆ. ಕೇಳುವವರಿದ್ದಾರೆಂದು ಗೊತ್ತಾದರೆ ಕೆಲಸವೇ ಸರಿಯಾಗುತ್ತದೆ, ಜಗಳದ ಅಗತ್ಯವೂ ಬೀಳುವುದಿಲ್ಲ.

ಹಾಗೆಂದು ನಮ್ಮ ಕೇರಿಗಳು ನಿರ್ಲಕ್ಷ್ಯಕ್ಕೆ ಒಳಗಾಗಿಲ್ಲ ಎಂದು ವಾದಿಸುತ್ತಿಲ್ಲ. ಮುಸ್ಲಿಮರು ಹೆಚ್ಚಿರುವ ಪ್ರದೇಶಗಳು ಮೂಲಭೂತ ಸೌಕರ್ಯಗಳಲ್ಲಿ ಹಿಂದುಳಿದಿವೆ ಎಂದು 2006ರಲ್ಲಿ ಸಾಚಾರ್ ಸಮಿತಿ ದೇಶದ ಮುಂದೆ ಅಂಕಿಅಂಶಗಳ ಸಹಿತ ಇಟ್ಟಿದೆ. 2025ರ ಮಾರ್ಚ್‌ನಲ್ಲಿ ಮಂಡಿಸಲಾದ ರಾಜ್ಯ ಬಜೆಟ್ ಅಲ್ಪಸಂಖ್ಯಾತರ ಕಾಲೊನಿಗಳ ಅಭಿವೃದ್ಧಿಗೆ 1,000 ಕೋಟಿ ರೂಪಾಯಿಯ ಕಾರ್ಯಕ್ರಮವನ್ನು ಘೋಷಿಸಿತು. ಅದನ್ನು ತುಷ್ಟೀಕರಣವೆಂದು ಜರೆದವರಿದ್ದಾರೆ. ಚರಂಡಿ ಇಲ್ಲದ ಬೀದಿಗೆ ಚರಂಡಿ ಕೊಡುವುದು ಯಾವ ರೀತಿಯ ತುಷ್ಟೀಕರಣ ಎಂದು ಅವರು ವಿವರಿಸಬೇಕಾಗಿದೆ. ಆದರೆ ಆ ಅನುದಾನ ಬಂದಾಗ ನಾವೇನು ಮಾಡುತ್ತೇವೆ ಎಂಬುದೂ ಅಷ್ಟೇ ಮುಖ್ಯ. ಕಾಲೊನಿಯ ಹಣವೆಂದು ಕಾಲೊನಿಯ ಗಡಿಯಲ್ಲಿ ಚರಂಡಿಯನ್ನು ನಿಲ್ಲಿಸಿದರೆ, ನಮಗಾದ ಅನ್ಯಾಯವನ್ನು ನಾವು ಕೆಳಗಿನ ಮನೆಯವರಿಗೆ ದಾಟಿಸಿದಂತಾಯಿತು. ಮಳೆನೀರಿಗೆ ಕೇರಿ ಗೊತ್ತಿಲ್ಲ, ಜಾತಿ ಗೊತ್ತಿಲ್ಲ. ಅದಕ್ಕೆ ಇಳಿಜಾರು ಮಾತ್ರ ಗೊತ್ತು. ಆದ್ದರಿಂದ ಚರಂಡಿಯನ್ನು ಯಾವಾಗಲೂ ಕೆಳಗಿನಿಂದ, ಅಂದರೆ ನೀರು ಕೊನೆಗೆ ಸೇರುವ ಹಳ್ಳ ಅಥವಾ ಕೆರೆಯಿಂದ ಯೋಚಿಸಿಕೊಂಡು ಮೇಲಕ್ಕೆ ಬರಬೇಕು. ನಮ್ಮ ಬೇಡಿಕೆಯ ಮೊದಲ ಸಾಲಿನಲ್ಲಿ ನಮ್ಮ ಮನೆಗಿಂತ ಕೆಳಗಿನ ಮನೆ ಇರಬೇಕು. ಬೇರೆಯವರಿಗಾಗಿ ಹಕ್ಕು ಕೇಳುವ ಸಮುದಾಯವನ್ನು ಯಾರೂ ಸುಲಭವಾಗಿ ತುಷ್ಟೀಕರಣದ ಹೆಸರಿನಲ್ಲಿ ಬಾಯಿ ಮುಚ್ಚಿಸಲಾರರು.

ಇನ್ನು ನಮ್ಮೊಳಗಿನ ಲೋಪಗಳು. ಅವನ್ನು ಹೇಳದೆ ಸರಕಾರವನ್ನು ಮಾತ್ರ ದೂರಿದರೆ ಅದು ಪ್ರಾಮಾಣಿಕತೆಯಾಗದು. ಹಳ್ಳದ ದಡಕ್ಕೆ ಎರಡು ಅಡಿ ಸೇರಿಸಿ ಕಾಂಪೌಂಡ್ ಕಟ್ಟುವವರು ನಮ್ಮಲ್ಲೂ ಇದ್ದಾರೆ. ಚರಂಡಿಯ ಮೇಲೆ ಕಲ್ಲುಚಪ್ಪಡಿ ಹಾಸಿ ಅಂಗಡಿಯನ್ನು ಮುಂದಕ್ಕೆ ತಳ್ಳಿದವರೂ ಇದ್ದಾರೆ. ಮನೆಯ ಕಸವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕತ್ತಲಾದ ಮೇಲೆ ಮೋರಿಗೆ ಎಸೆಯುವುದು, ಬಕ್ರೀದ್‌ನ ದಿನ ಕುರ್ಬಾನಿಯ ತ್ಯಾಜ್ಯವನ್ನು ಹೂಳದೆ ತೋಡಿಗೆ ಬಿಡುವುದು ಯಾವ ಶರೀಅತ್‌ಗೂ ಒಪ್ಪಿತವಲ್ಲ. ದಾರಿಯಲ್ಲಿ ತೊಂದರೆ ಕೊಡುವ ವಸ್ತುವನ್ನು ಸರಿಸುವುದನ್ನು ಪ್ರವಾದಿಯವರು(ಸ) ಈಮಾನ್‌ನ ಒಂದು ಶಾಖೆಯೆಂದು ಕಲಿಸಿದ್ದಾರೆ. ನೀರಿರುವ ಕಡೆ, ಜನ ನಡೆಯುವ ದಾರಿಯಲ್ಲಿ ಮಲಿನ ಮಾಡುವುದನ್ನು ಶಾಪಕ್ಕೆ ಕಾರಣವಾಗುವ ಕೃತ್ಯವೆಂದು ಎಚ್ಚರಿಸಿದ್ದಾರೆ. ಹಡಗಿನ ಕೆಳ ಅಂತಸ್ತಿನವರು ನೀರಿಗಾಗಿ ತಳಕ್ಕೆ ತೂತು ಕೊರೆಯಹೊರಟಾಗ ಮೇಲಿನವರು ತಡೆಯದಿದ್ದರೆ ಎಲ್ಲರೂ ಮುಳುಗುವರೆಂಬ ಉಪಮೆ ನಮ್ಮ ಪ್ರವಚನಗಳಲ್ಲಿ ಎಷ್ಟು ಬಾರಿ ಬಂದಿಲ್ಲ! ಮೋರಿಯಲ್ಲಿ ಸಿಕ್ಕಿಕೊಂಡ ಒಂದು ಚೀಲವೂ ಆ ತೂತೇ.

ಕಾಲುವೆಗಳನ್ನು ನುಂಗಿದ ಊರಿಗೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜಧಾನಿಯೇ ಸಾಕ್ಷಿ. ಬೆಂಗಳೂರಿನ ಮಳೆನೀರು ನಿರ್ವಹಣೆಯ ಕುರಿತು 2021ರಲ್ಲಿ ವಿಧಾನಮಂಡಲದ ಮುಂದೆ ಬಂದ ಮಹಾಲೇಖಪಾಲರ ವರದಿಯ ಪ್ರಕಾರ, ಹಳೆಯ ದಾಖಲೆಗಳಲ್ಲಿ ಸುಮಾರು 113 ಕಿಲೋಮೀಟರ್ ಇದ್ದ ಕೋರಮಂಗಲ ಕಣಿವೆಯ ಕಾಲುವೆಗಳು ಸುಮಾರು 63 ಕಿಲೋಮೀಟರಿಗೆ ಇಳಿದಿದ್ದವು. ಮರುವರ್ಷ, 2022ರ ಸೆಪ್ಟೆಂಬರ್‌ನಲ್ಲಿ ಕೋಟ್ಯಧಿಪತಿಗಳೂ ತಮ್ಮ ಬಂಗಲೆಗಳಿಂದ ಟ್ರ್ಯಾಕ್ಟರ್‌ಗಳಲ್ಲಿ ಹೊರಬಂದರು. ನಮ್ಮ ಸಣ್ಣ ಊರುಗಳು ಇನ್ನೂ ಅಲ್ಲಿಗೆ ತಲುಪಿಲ್ಲ. ಹಳ್ಳಗಳು ಇನ್ನೂ ಹಳ್ಳಗಳಾಗಿಯೇ ಕಾಣುತ್ತಿವೆ. ಸದಾಶಿವ ಸಾಗರವೆಂಬ ಕೆರೆಯಿಂದಲೇ ಸಾಗರ ಪಟ್ಟಣಕ್ಕೆ ಆ ಹೆಸರು ಬಂತೆಂದು ಹೇಳುತ್ತಾರೆ. ನೀರನ್ನು ತಡೆದು, ನಿಲ್ಲಿಸಿ, ಬೇಕಾದಷ್ಟನ್ನು ಬಿಡುವ ವಿದ್ಯೆ ಕೆಳದಿಯ ನಾಯಕರ ಕಾಲದ ಈ ಸೀಮೆಗೆ ಗೊತ್ತಿತ್ತು. ಕಾಂಕ್ರೀಟ್ ಚರಂಡಿಗೆ ಗೊತ್ತಿರುವುದು ಓಡಿಸುವುದು ಮಾತ್ರ. ಓಡಿಹೋದ ನೀರು ಬಾವಿಗೆ ಇಳಿಯುವುದಿಲ್ಲ.

ಸರಕಾರದ ಹೊಣೆಯನ್ನೂ ಇಲ್ಲಿ ಮರೆಯುವಂತಿಲ್ಲ. ಜನರ ಭಾಗವಹಿಸುವಿಕೆಯ ಬಗ್ಗೆ ವೇದಿಕೆಗಳಲ್ಲಿ ಮಾತಾಡುವವರು, 2021ರಲ್ಲಿ ಅವಧಿ ಮುಗಿದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತ್‌ಗಳಿಗೆ ವರ್ಷಗಟ್ಟಲೆ ಚುನಾವಣೆಯನ್ನೇ ನಡೆಸಲಿಲ್ಲ. ಒಂದರ ನಂತರ ಒಂದರಂತೆ ಅಧಿಕಾರಕ್ಕೆ ಬಂದ ಪಕ್ಷಗಳೆಲ್ಲವೂ ಇದರಲ್ಲಿ ಪಾಲುದಾರರು. ಹಣಕಾಸು ಆಯೋಗದ ಅನುದಾನವಾದರೋ ಯಥಾವಿಧಿ ಚುನಾಯಿತವಾದ ಸಂಸ್ಥೆಗಳಿಗೆ ಮಾತ್ರ ಸಲ್ಲುವಂಥದ್ದು. ಚುನಾವಣೆ ಇಲ್ಲದ ಕಡೆ ಪ್ರತಿನಿಧಿಯೂ ಇಲ್ಲ, ಹಣವೂ ಇಲ್ಲ, ಕೇಳಲು ಬಾಗಿಲೂ ಇಲ್ಲ. ಶರಾವತಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪದ ವಿರುದ್ಧ 2019ರ ಜುಲೈ 10ರಂದು ಶಿವಮೊಗ್ಗ ಜಿಲ್ಲೆಯೇ ಬಂದ್ ಆಚರಿಸಿತು. ನದಿಯನ್ನು ಉಳಿಸಿಕೊಳ್ಳಲು ಬೀದಿಗಿಳಿಯಬಲ್ಲ ಜನ, ಆ ನದಿಗೆ ನೀರು ತರುವ ಹಳ್ಳ ತೊರೆಗಳ ಹಣಕ್ಕಾಗಿ ಮತ್ತು ಚುನಾವಣೆಗಾಗಿ ಅದೇ ದನಿಯಲ್ಲಿ ಕೇಳಬೇಕಾಗಿದೆ. 2026ರಿಂದ 2031ರವರೆಗಿನದು ಹದಿನಾರನೆಯ ಹಣಕಾಸು ಆಯೋಗದ ಅವಧಿ. ಕಳೆದ ಐದು ವರ್ಷಗಳಂತೆ ಇದನ್ನೂ ಕಳೆದುಕೊಳ್ಳಬೇಕೇ ಎಂಬುದನ್ನು ನಾವು ಈಗಲೇ ತೀರ್ಮಾನಿಸಬೇಕು.

ಹಾಗಾದರೆ ಮಾಡಬೇಕಾದದ್ದೇನು? ದೊಡ್ಡ ಸಂಘಟನೆಯೇನೂ ಬೇಕಾಗಿಲ್ಲ. ಮಸೀದಿಯ ಮೈಕಿನಲ್ಲಿ ಮರಣದ ಸುದ್ದಿ ಹೇಳುತ್ತೇವೆ, ಚಂದ್ರದರ್ಶನದ ಸುದ್ದಿ ಹೇಳುತ್ತೇವೆ. ವಾರ್ಡ್ ಸಭೆಯ ದಿನ, ಸ್ಥಳ, ಸಮಯವನ್ನೂ ಜುಮಾದಂದು ಹೇಳಲು ಯಾವ ಅಡ್ಡಿಯಿದೆ? ಜಮಾಅತ್ ಕಮಿಟಿಯವರು ಮಳೆಗೆ ಮುಂಚೆ ಒಂದು ಭಾನುವಾರ ನೆರೆಹೊರೆಯ ಎಲ್ಲ ಧರ್ಮದವರನ್ನು ಕರೆದುಕೊಂಡು ನೀರಿನ ದಾರಿಯನ್ನು ಮೇಲಿನಿಂದ ಕೊನೆಯವರೆಗೆ ನಡೆದು ನೋಡಲಿ. ಎಲ್ಲಿ ಮೋರಿ ಕಿರಿದಾಗಿದೆ, ಎಲ್ಲಿ ಹೂಳು ತುಂಬಿದೆ, ಎಲ್ಲಿ ಚರಂಡಿ ಕೊನೆಯಿಲ್ಲದೆ ನಿಂತಿದೆ ಎಂದು ಒಂದು ಹಾಳೆಯಲ್ಲಿ ಬರೆದು ಆ ಹಾಳೆಯನ್ನು ಸಭೆಯ ನಡಾವಳಿಯಲ್ಲಿ ಸೇರಿಸಲಿ. ನಮ್ಮ ಹೆಂಗಸರು ಸಭೆಗೆ ಬರಲಿ. ಯಾಕೆಂದರೆ ನೀರು ಯಾವ ಗಂಟೆಗೆ ಯಾವ ಬಾಗಿಲಿನಿಂದ ಒಳಬಂತೆಂದು ಗಂಡಸರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಕೇರಿಗೆ ಒದ್ದೆ ಮಾಡುವ ಮೊದಲು ಮಸೀದಿ ತನ್ನ ನೀರನ್ನು ತಾನು ನೋಡಿಕೊಳ್ಳಲಿ. 200 ಚದರ ಮೀಟರಿನ ಮಾಡಿನ ಮೇಲೆ 2,000 ಮಿಲಿಮೀಟರ್ ಮಳೆ ಬಿದ್ದರೆ ಅದು 4 ಲಕ್ಷ ಲೀಟರ್ ನೀರು. ಅದನ್ನು ಸೋಸಿ ಬಾವಿಗೆ ಇಳಿಸಲು, ವುಝೂವಿನ ನೀರನ್ನು ರಸ್ತೆಗೆ ಬಿಡದೆ ತೆಂಗಿನ ಬುಡಕ್ಕೋ ಇಂಗುಗುಂಡಿಗೋ ಹರಿಸಲು ಯಾವ ಅನುದಾನವನ್ನೂ ಕಾಯಬೇಕಾಗಿಲ್ಲ. ರೂಮಾ ಬಾವಿಯನ್ನು ಖರೀದಿಸಿ ಎಲ್ಲರಿಗೂ ತೆರೆದಿಟ್ಟ ಉಸ್ಮಾನ್‌ರ(ರ) ಕಥೆಯನ್ನು ಮಕ್ಕಳಿಗೆ ಹೇಳಿಕೊಡುವ ಅಂಗಳ ಅದು. ಆ ಮಕ್ಕಳು ಅಲ್ಲಿಯೇ ಒಂದು ಇಂಗುಗುಂಡಿಯನ್ನೂ ನೋಡುವಂತಾಗಲಿ.

ಆ ವಾರ್ಡ್ ಸಭೆಯಲ್ಲಿ ಎದ್ದು ನಿಂತ ಹೆಂಗಸಿನ ಪ್ರಶ್ನೆಗೆ ಅಂದು ಯಾರೂ ಉತ್ತರಿಸಲಿಲ್ಲ. ಮುಂದಿನ ಬಾರಿ ನಮ್ಮ ಕೇರಿಯ ಚರಂಡಿಯ ಮಾತು ಬಂದಾಗ, ಅವರು ಎದ್ದು ನಿಲ್ಲುವ ಮುಂಚೆಯೇ ನಮ್ಮಲ್ಲೊಬ್ಬರು ಎದ್ದು ಕೇಳಬೇಕು: ‘ಈ ನೀರು ಕೊನೆಗೆ ಹೋಗುವುದು ಎಲ್ಲಿಗೆ? ಕೆಳಗಿನ ಮನೆಯವರಿಗೆ ಇದರಿಂದ ತೊಂದರೆಯಿಲ್ಲ ತಾನೆ? ಅಳತೆಯನ್ನು ಓದಿ ಹೇಳಿ.’ ಮದೀನಾದ ಕಾಲುವೆಯ ಪಾಠವನ್ನು ಓದಿದವರಿಂದ ಇಷ್ಟನ್ನು ನಿರೀಕ್ಷಿಸುವುದು ಹೆಚ್ಚೇನೂ ಅಲ್ಲ.